ಲಿಮಿಟ್ ವಿರೋಧಿ ಸಂಘದ ಕಾರ್ಯದರ್ಶಿ

ಹಿರಿಯೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ನನ್ನ ಭಾವ, ಅಂದರೆ ಅಕ್ಕನ ಗಂಡ, ಐವತ್ತು ದಾಟಿದ ಮೇಲೆ ಒಂದು ಕಂಪ್ಯೂಟರ್ ಆಟದ ನಿಯಮದ ವಿರುದ್ಧ ಸಂಘ ಕಟ್ಟಿದರು. ಆ ಸಂಘಕ್ಕೆ ನಾನು ಕಾರ್ಯದರ್ಶಿಯಾಗಿದ್ದೆ. ಹೇಳಿಕೊಳ್ಳುವಂಥ ವಿಷಯವೇನಲ್ಲ. ಆದರೆ ಆವತ್ತು ಚಿತ್ರದುರ್ಗದ ಸಮುದಾಯ ಭವನದಲ್ಲಿದ್ದ ಮೂವತ್ತು ಜನ ಈಗಲೂ ಅಲ್ಲಿ ಇಲ್ಲಿ ಸಿಕ್ಕಾಗ ತಮಗೆ ತೋಚಿದ ಹಾಗೆ ಕತೆ ಹೇಳುತ್ತಾರೆ. ಅವರು ಹೇಳುವುದಕ್ಕಿಂತ ನಾನೇ ಹೇಳುವುದು ವಾಸಿ.

ಆಟ ಏನೆಂದು ಮೊದಲು ತಿಳಿಸಿಬಿಡುತ್ತೇನೆ. ಪರದೆಯ ಮೇಲೆ ಒಂದು ಖಾಲಿ ಶೆಡ್ಡು ಕೊಡುತ್ತಾರೆ. ಅದರೊಳಗೆ ಚೌಕ ಚೌಕದ ಬ್ಲಾಕುಗಳನ್ನು ಅಂಟಿಸುತ್ತಾ ಹೋಗಿ ನೀವೇ ಒಂದು ರೋಬೋ ಕಟ್ಟಬೇಕು. ಚಕ್ರ ಹಾಕಬಹುದು, ಕಾಲು ಹಾಕಬಹುದು, ರೆಕ್ಕೆ ಹಾಕಬಹುದು. ಎಲ್ಲಿ ಬೇಕಾದರೂ ಗನ್ನು ಕೂರಿಸಬಹುದು. ನಡುವೆ ಎಲ್ಲೋ ಒಂದು ಕುರ್ಚಿ ಇರಬೇಕು, ಅದು ಒಡೆದರೆ ರೋಬೋ ಸತ್ತ ಹಾಗೆ. ಕಟ್ಟಿ ಮುಗಿದ ಮೇಲೆ ಅದನ್ನು ಅಖಾಡಕ್ಕೆ ಇಳಿಸಿ, ಯಾವ ದೇಶದವರೋ ಯಾರೋ ಕಟ್ಟಿದ ಇನ್ನೊಂದು ರೋಬೋ ಜೊತೆ ಕಾದಾಡಿಸಬೇಕು. ಇಷ್ಟೇ. ಇದಕ್ಕೆ ಸಂಘ ಯಾಕೆ ಬೇಕು ಅಂತ ನಿಮಗನ್ನಿಸಿದರೆ ನಿಮ್ಮ ತಲೆ ನೆಟ್ಟಗಿದೆ ಎಂದರ್ಥ.

ಭಾವನವರು ಅಂಗಡಿಯ ಗೋಡೌನಿನಲ್ಲಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಮೂರು ತಿಂಗಳು ಮಂಚ ಹಿಡಿದಿದ್ದರು. ಅಂಗಡಿಯನ್ನು ಅಕ್ಕ ನೋಡಿಕೊಂಡಳು. ನಿಜ ಹೇಳಬೇಕೆಂದರೆ ಮೊದಲಿನಿಂದಲೂ ಅವಳೇ ನೋಡಿಕೊಳ್ಳುತ್ತಿದ್ದಳು; ಭಾವ ಮುಂದೆ ಕುಂತು ಬಂದವರಿಗೆ ಟೀ ಹೇಳುತ್ತಿದ್ದರು. ಮಂಚದ ಮೇಲೆ ಹೊತ್ತು ಹೋಗಲಿ ಅಂತ ಅವಳೇ ಕಂಪ್ಯೂಟರನ್ನು ತಂದು ಸ್ಟೂಲಿನ ಮೇಲಿಟ್ಟುಕೊಟ್ಟಳು. ನಾನು ನೋಡಿಬರಲು ಹೋದಾಗ ಅವರು ಕಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಬಾರವ್ವ, ಕುಂತ್ಕ. ನಾನೊಂದು ಕೋಟೆ ಕಟ್ಟೀನಿ, ನೋಡು," ಅಂದರು.

ಅದು ರೋಬೋ ಅಂತ ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕುರ್ಚಿಯ ಸುತ್ತ ಒಂದು ಗೋಡೆ, ಗೋಡೆಯ ಸುತ್ತ ಇನ್ನೊಂದು ಗೋಡೆ, ಹೀಗೆ ಏಳು. ಗೋಡೆಗೊಂದರಂತೆ ಗನ್ನುಗಳ ಸಾಲು. ಕೆಳಗೆ ಎಣಿಸಲಾಗದಷ್ಟು ಚಕ್ರ. ದುರ್ಗದ ಕೋಟೆಗೆ ಏಳು ಸುತ್ತು, ಅದಕ್ಕೇ ಇದಕ್ಕೂ ಏಳು ಸುತ್ತಂತೆ. ಹೆಸರೂ ಏಳುಸುತ್ತು. ನಮ್ಮ ಜಿಲ್ಲೆಯಲ್ಲಿ ಯಾವನಿಗೇ ಆಗಲಿ, ಏನಾದರೂ ದೊಡ್ಡದು ಮಾಡಬೇಕೆನ್ನಿಸಿದರೆ ಕೋಟೆ ಬಿಟ್ಟು ಬೇರೆ ಹೊಳೆಯುವುದಿಲ್ಲ. ಮಂಚದ ಮೇಲಿದ್ದ ಮನುಷ್ಯನನ್ನು ಕಂಡು ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ಮಲಗಿದ್ದೂ ಅವರು ವೇದಿಕೆಯ ಮೇಲಿದ್ದಂತೆಯೇ ಮಾತಾಡುತ್ತಿದ್ದರು.

ನಾನೂ ಆ ಆಟ ಹಚ್ಚಿಕೊಂಡೆ, ಆದರೆ ಬೇರೆ ಕಾರಣಕ್ಕೆ. ನಾನು ಡಿಪ್ಲೊಮಾ ಓದಿದವಳು, ದುರ್ಗದಲ್ಲಿ ಒಬ್ಬ ಇಂಜಿನಿಯರ ಆಫೀಸಿನಲ್ಲಿ ಮನೆ ನಕ್ಷೆ ಬರೆಯುತ್ತೇನೆ. ಸುತ್ತ ಇಷ್ಟಿಷ್ಟು ಜಾಗ ಬಿಡಬೇಕು ಅಂತ ಕಾನೂನಿದೆ. ನಾನು ಬಿಟ್ಟು ಬರೆಯುತ್ತೇನೆ. ನಕ್ಷೆ ಪಾಸಾದ ಮಾರನೇ ದಿನವೇ ಮನೆಯವನು ಗೋಡೆಯನ್ನು ಆಚೆ ಸರಿಸುತ್ತಾನೆ. ಕೇಳಿದರೆ, "ಮೇಡಂ, ಜಾಗ ನಮ್ದು, ಇಟ್ಟಿಗೆ ನಮ್ದು, ನಿಮ್ದೇನ್ರಿ ನಡುವೆ?" ಅನ್ನುತ್ತಾನೆ. ಹನ್ನೆರಡು ವರ್ಷ ಇದನ್ನೇ ಕೇಳಿ ಕೇಳಿ ನನಗೆ ಇಂಥ ಜನರೆಂದರೆ ಹೇಸಿಗೆ. ಆಟದಲ್ಲಿ ಹಾಗಿಲ್ಲ. ಒಂದೊಂದು ಬ್ಲಾಕಿಗೂ, ಒಂದೊಂದು ಗನ್ನಿಗೂ ಇಂತಿಷ್ಟು ಪಾಯಿಂಟು. ನಿಮ್ಮ ಲೆವೆಲ್ಲಿಗೆ ಕೊಟ್ಟಷ್ಟು ಪಾಯಿಂಟಿನೊಳಗೆ ಕಟ್ಟಬೇಕು. ಅಲ್ಲಿ ಯಾರ ಕೈಯೂ ಬಿಸಿ ಮಾಡಲಾಗುವುದಿಲ್ಲ, ಯಾವ ಮೆಂಬರನೂ ಫೋನು ಮಾಡಿ ಹೇಳುವುದಿಲ್ಲ. ಆಫೀಸಿನ ಊಟದ ಬಿಡುವಿನಲ್ಲಿ ಕುಂತು ನಾನು ಕಟ್ಟಿದ್ದೆಲ್ಲ ಸಣ್ಣ ರೋಬೋಗಳು. ಒಂದು ಬ್ಲಾಕು ಉಳಿಸಿದರೆ ಒಂದು ಸಂತೋಷ.

ಅದರಲ್ಲಿ ಒಂದೇ ಒಂದು ಸಡಿಲವಿತ್ತು. ಆಡುತ್ತಾ ಆಡುತ್ತಾ ಲೆವೆಲ್ಲು ಏರಿದರೆ ಪಾಯಿಂಟೂ ಏರುತ್ತಿತ್ತು, ಇದಕ್ಕೆ ಕೊನೆ ಅಂತ ಇರಲಿಲ್ಲ. ಬೇರೆ ಕೆಲಸವಿಲ್ಲದೆ ಬೆಳಗಿಂದ ಸಂಜೆಯ ತನಕ ಆಡಿದವನು ಎಷ್ಟು ಬೇಕಾದರೂ ದೊಡ್ಡದು ಕಟ್ಟಬಹುದಿತ್ತು. ಭಾವ ಹಾಗೆಯೇ ಏಳು ಸುತ್ತು ಏರಿಸಿದ್ದು. ಅಖಾಡಕ್ಕೆ ಇಳಿದು ಒಂದು ಮೂಲೆಯಲ್ಲಿ ಕುಂತುಬಿಡುತ್ತಿದ್ದರು. ಬಂದ ಚಿಕ್ಕಪುಟ್ಟವು ಗೋಡೆಗೆ ಡಿಕ್ಕಿ ಹೊಡೆದು ಸಾಯುತ್ತಿದ್ದವು. ಇದಕ್ಕೆ ಅವರು ಯುದ್ಧನೀತಿ ಅನ್ನುತ್ತಿದ್ದರು.

ಕಾಲು ಕೂಡಿಕೊಂಡು ಅವರು ಅಂಗಡಿಗೆ ಹೋಗತೊಡಗಿದ ಮೇಲೆ, ಒಂದು ದಿನ ಹತ್ತು ಗಂಟೆಗೆ ನಾನು ಆಫೀಸಿನ ಬಾಗಿಲು ತೆಗೆಯುತ್ತಿರುವಾಗಲೇ ಫೋನು ಬಂತು.

"ಏನವ್ವ, ನೋಡಿದ್ಯಾ? ನನ್ ರೋಬೋನ ಶೆಡ್ಡಿಂದ ಹೊರಕ್ಕೇ ಬಿಡ್ತಿಲ್ಲ. ಕೆಂಪಕ್ಷರದಾಗೆ ಬರ್ತೈತೆ, ಲಿಮಿಟ್ ಮೀರೈತೆ ಅಂತ!"

ಆಟದ ಕಂಪನಿಯವರು ಹೊಸ ನಿಯಮ ತಂದಿದ್ದರು. ಇನ್ನು ಮುಂದೆ ಎಲ್ಲರಿಗೂ ಒಂದೇ ಮಿತಿ, ಎರಡು ಸಾವಿರ ಪಾಯಿಂಟು. ಅದಕ್ಕಿಂತ ಹೆಚ್ಚಿನದನ್ನು ಕಟ್ಟಿಟ್ಟುಕೊಳ್ಳಬಹುದು, ಸುತ್ತ ತಿರುಗಿಸಿ ನೋಡಬಹುದು, ಅಖಾಡಕ್ಕೆ ಮಾತ್ರ ಇಳಿಸುವಂತಿಲ್ಲ. ಏಳುಸುತ್ತು ಇದರ ನಾಲ್ಕರಷ್ಟಿತ್ತು.

"ಐದು ಸುತ್ತು ಕಿತ್ತಾಕ್ರಿ ಭಾವ, ಆಗ್ತೈತೆ," ಅಂದೆ.

"ಕಿತ್ತಾಕಾದಾ? ನಾನ್ಯಾಕೆ ಕೀಳ್ಲಿ? ನಾನ್ ಕಟ್ಟಿದ್ದು."

ಅದೇ ಧಾಟಿ. ಹನ್ನೆರಡು ವರ್ಷದಿಂದ ನಾನು ಕೇಳಿದ ಅದೇ ದನಿ, ಈಗ ಅಕ್ಕನ ಮನೆಯಿಂದ.

ನಮ್ಮ ಜಿಲ್ಲೆಯಲ್ಲಿ ಈ ಆಟ ಆಡುವವರದು ಫೋನಿನಲ್ಲಿ ಒಂದು ಗುಂಪಿತ್ತು. ಅದರಲ್ಲಿ ಭಾವನಿಗೆ ಸರಿಜೋಡಿ ಇಬ್ಬರು. ಒಬ್ಬರು ಹೊಸದುರ್ಗದ ಕಾಲೇಜು ಮೇಷ್ಟ್ರು. ಆ ಕಡೆಯ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರಗಳಿವೆಯಲ್ಲ, ಅದನ್ನು ನೋಡಿ ನೋಡಿ ಅವರ ರೋಬೋಗೂ ದೊಡ್ಡ ದೊಡ್ಡ ಮೂರು ರೆಕ್ಕೆ. ಅವು ಸುತ್ತುತ್ತಿದ್ದವು. ಸುತ್ತುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಮೇಷ್ಟ್ರ ಮಾತೂ ಹಾಗೇ. ಇನ್ನೊಬ್ಬ ಹೊಳಲ್ಕೆರೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟವನು, ಮಾತು ಕಡಿಮೆ. ಅವನ ರೋಬೋಗೆ ನಲವತ್ತು ಗನ್ನು. ನಲವತ್ತೂ ಒಟ್ಟಿಗೆ ಒಂದು ಸಲ ಹಾರಿಸಿ ಆಮೇಲೆ ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತಿತ್ತು. ಆ ಅರ್ಧ ನಿಮಿಷದಲ್ಲಿ ಸಾಯುತ್ತಿತ್ತು.

ಭಾನುವಾರ ಬೆಳಿಗ್ಗೆ ಐಮಂಗಲದ ಹತ್ತಿರ ಹೈವೇ ಹೋಟೆಲಿನಲ್ಲಿ ಸಭೆ ಅಂತ ಭಾವ ಕರೆದರು. ಎಲ್ಲರಿಗೂ ನಡುವಿನ ಜಾಗವಂತೆ. ಅವರಿಗೆ ಹಿರಿಯೂರಿನಿಂದ ನೇರ ದಾರಿ, ಹೊಳಲ್ಕೆರೆಯವನು ಎರಡು ಬಸ್ಸು ಬದಲಿಸಿ ಬಂದ. ನಾನು ಹೋಗಬಾರದಿತ್ತು. ಹೋದೆ.

ಇಡ್ಲಿ ಬರುವ ಮೊದಲೇ ಮೇಷ್ಟ್ರು ಶುರು ಮಾಡಿದರು. "ನೋಡ್ರಿ, ಇದು ಬರೀ ಪಾಯಿಂಟಿನ ಪ್ರಶ್ನೆ ಅಲ್ಲ. ಇದು ಸೃಜನಶೀಲತೆಯ ಮೇಲಿನ ದಬ್ಬಾಳಿಕೆ. ಇವತ್ತು ರೋಬೋಗೆ ಮಿತಿ ಹಾಕಿದೋರು ನಾಳೆ ವಿಚಾರಕ್ಕೆ ಹಾಕ್ತಾರೆ."

"ಹೌದ್ರಿ," ಅಂದ ಮೆಡಿಕಲ್‌ನವನು.

"ಅದಕ್ಕೇ ಸಂಘ ಮಾಡಾಣ," ಅಂದರು ಭಾವ. ಅವರು ಆಗಲೇ ಮೂರು ಸಂಘಗಳಿಗೆ ಅಧ್ಯಕ್ಷರು. ಅದರಲ್ಲಿ ಒಂದು ಬೆಳಗಿನ ವಾಕಿಂಗಿನವರದು. ಅವರು ವಾಕಿಂಗ್ ಹೋಗುವುದನ್ನು ಅಕ್ಕ ಒಂದು ದಿನವೂ ನೋಡಿಲ್ಲ.

ಹೆಸರಿನ ಮೇಲೆ ಚರ್ಚೆ ಒಂದೂವರೆ ಗಂಟೆ ನಡೆಯಿತು. ಹೋರಾಟ ಸಮಿತಿಯೋ, ವಿರೋಧಿ ಸಂಘವೋ, ವೇದಿಕೆಯೋ. ಮಾಣಿ ಬಂದು ಮೂರು ಸಲ ಮೇಜು ಒರೆಸಿದ. ಎದ್ದು ಹೋಗ್ರಿ ಅನ್ನುವುದನ್ನು ಅವನು ಅದಕ್ಕಿಂತ ಮರ್ಯಾದೆಯಾಗಿ ಹೇಳುವಂತಿರಲಿಲ್ಲ. ಕೊನೆಗೆ ಲಿಮಿಟ್ ವಿರೋಧಿ ಸಂಘ ಎಂದಾಯಿತು. ಭಾವ ಅಧ್ಯಕ್ಷರು. ಮೇಷ್ಟ್ರು ಗೌರವಾಧ್ಯಕ್ಷರು. ಮೆಡಿಕಲ್‌ನವನು ಉಪಾಧ್ಯಕ್ಷ.

"ಸದಸ್ಯರು ಯಾರ್ರಿ?" ಅಂತ ನಾನು ಕೇಳಿದೆ.

ಮೂವರೂ ನನ್ನ ಕಡೆ ನೋಡಿದರು.

"ನಿನ್ನ ಸುಮ್ನೆ ಸದಸ್ಯೆ ಮಾಡಾಕಾಗ್ತೈತೇನವ್ವ? ನಿನ್ ಅಕ್ಷರ ಚೆನ್ನಾಗವೆ. ನೀನು ಕಾರ್ಯದರ್ಶಿ," ಅಂದರು ಭಾವ.

ಒಪ್ಪಿಕೊಂಡೆ. ಭಾವನ ಮಾತು ತೆಗೆದುಹಾಕಲಾಗದೆ ಅಂತ ಅಕ್ಕನಿಗೆ ಹೇಳಿದೆ. ಸುಳ್ಳು. ಹೊರಗೆ ನಿಂತು ನಗುವುದಕ್ಕಿಂತ ಒಳಗೆ ಕುಂತು ನಕ್ಕರೆ ಚೆನ್ನಾಗಿ ಕಾಣುತ್ತದೆ ಅಂತ ಒಪ್ಪಿಕೊಂಡೆ. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಬರಬೇಕಾದರೂ ಎದುರಿನವರನ್ನು ಸರಿಸಮ ಅಂದುಕೊಳ್ಳಬೇಕು.

ನಡಾವಳಿ ಪುಸ್ತಕ ತಂದೆ. ಮೊದಲ ನಿರ್ಣಯ, ಕಂಪನಿಗೆ ಮನವಿ ಪತ್ರ. ಮೇಷ್ಟ್ರು ಕನ್ನಡದಲ್ಲೇ ಹೋಗಬೇಕು ಅಂತ ಹಟ ಹಿಡಿದರು. ಆ ಕಂಪನಿ ಇರುವುದು ಯಾವ ದೇಶದಲ್ಲಿ ಅನ್ನುವುದೇ ನಮಗೆ ಸರಿಯಾಗಿ ಗೊತ್ತಿರಲಿಲ್ಲ. ಮೇಷ್ಟ್ರು ಹೇಳಿದರು, ನಾನು ಬರೆದುಕೊಂಡೆ, ನಾಲ್ಕು ಪುಟ. "ದುರ್ಗದ ಕಲ್ಲಿನಷ್ಟೇ ಗಟ್ಟಿಯಾದ ನಮ್ಮ ಸಂಕಲ್ಪ" ಎಂಬ ಮಾತು ಎರಡು ಕಡೆ ಬಂತು. ಒಂದು ಕಡೆ ತೆಗೆಯೋಣ ಅಂದೆ, ಬೇಡ ಅಂದರು. ಆಮೇಲೆ ಅದನ್ನು ಫೋನಿನಲ್ಲಿ ಇಂಗ್ಲಿಷಿಗೆ ತಿರುಗಿಸಿ, ಎರಡನ್ನೂ ಸೇರಿಸಿ ಮೇಲ್ ಮಾಡಿದೆವು. ಇಂಗ್ಲಿಷಿನಲ್ಲಿ ಸಂಕಲ್ಪ ಏನಾಗಿತ್ತೋ ನಾನು ನೋಡಲಿಲ್ಲ.

ಎರಡನೇ ನಿಮಿಷಕ್ಕೆ ಉತ್ತರ ಬಂತು. ನಿಮ್ಮ ಪತ್ರಕ್ಕೆ ಧನ್ಯವಾದ, ಆಟ ತೆರೆಯದಿದ್ದರೆ ದಯವಿಟ್ಟು ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿ ನೋಡಿ, ಅಂತ. ಅದು ಯಂತ್ರ ತಾನಾಗಿ ಕಳಿಸುವ ಉತ್ತರ ಎಂದು ಹೇಳಿದೆ.

"ಯಂತ್ರನೋ ಮನುಷ್ಯನೋ, ಉತ್ರ ಕೊಟ್ರಲ್ಲ! ನಮ್ ಪಂಚಾಯ್ತಿಯೋರು ಎರಡು ವರ್ಷ ಆದ್ರೂ ಕೊಡಲ್ಲ," ಅಂದರು ಭಾವ. ಅದನ್ನು ಪ್ರಿಂಟು ತೆಗೆಸಿ, ಚೌಕಟ್ಟು ಹಾಕಿಸಿ, ಅಂಗಡಿಯಲ್ಲಿ ತಾವು ಕೂರುವ ಕುರ್ಚಿಯ ಹಿಂದೆ ನೇತುಹಾಕಿದರು. ಬಂದ ಗಾರೆಯವರಿಗೆಲ್ಲ ವಿದೇಶದ ಕಂಪನಿ ತಮಗೆ ಬರೆದ ಕಾಗದ ಅಂತ ತೋರಿಸುತ್ತಿದ್ದರು. ಇಂಗ್ಲಿಷ್ ಬಾರದ ಅವರು ಹೌದೌದು ಅಂದು ಟೈಲ್ಸ್ ನೋಡುತ್ತಿದ್ದರು.

ನಿಯಮವೇನೂ ಬದಲಾಗಲಿಲ್ಲ. ಆಗ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಆ ಆಟದಲ್ಲಿ ನಮ್ಮದೇ ಖಾಸಗಿ ಅಖಾಡ ತೆರೆದುಕೊಳ್ಳಬಹುದು. ಅಲ್ಲಿ ಬೇಕಾದರೆ ಮಿತಿಯನ್ನು ತೆಗೆದುಹಾಕಬಹುದು. ಹಾಗಾದರೆ ನಾವೇ ಮಿತಿಯಿಲ್ಲದ ಪಂದ್ಯ ಮಾಡಿ ತೋರಿಸೋಣ, ಜನ ನೋಡಲಿ, ಸುದ್ದಿಯಾಗಲಿ, ಕಂಪನಿಗೆ ತಾನಾಗಿ ಬುದ್ಧಿ ಬರುತ್ತದೆ. ಮಿತಿಯಿಲ್ಲದೆ ಆಡಲು ಜಾಗ ಇದೆ ಎಂದ ಮೇಲೆ ಸಂಘ ಯಾಕೆ, ಪಂದ್ಯ ಯಾಕೆ, ಮನೆಯಲ್ಲೇ ಕುಂತು ಆಡಿಕೊಳ್ಳಬಹುದಲ್ಲ ಎಂಬ ಪ್ರಶ್ನೆ ಯಾರಿಗೂ ಬರಲಿಲ್ಲ. ನನಗೆ ಬಂತು, ಕೇಳಲಿಲ್ಲ. ಕೇಳಿದರೆ ಪಂದ್ಯ ನಿಂತುಹೋದೀತು, ಅದನ್ನು ನೋಡುವ ಸುಖ ತಪ್ಪೀತು ಅನ್ನಿಸಿತು.

ದುರ್ಗದಲ್ಲಿ ಒಂದು ಸಮುದಾಯ ಭವನ ಹಿಡಿದರು. ಬಾಗಿಲಲ್ಲಿ ಫ್ಲೆಕ್ಸು. ಭಾವ ಕೈಮುಗಿದ ಫೋಟೋ, ಮೇಷ್ಟ್ರು ಪುಸ್ತಕ ಹಿಡಿದ ಫೋಟೋ, ಮೆಡಿಕಲ್‌ನವನದು ಪಾಸ್‌ಪೋರ್ಟ್ ಅಳತೆಯದನ್ನೇ ಹಿಗ್ಗಿಸಿ ಮಸುಕಾದದ್ದು, ನಡುವೆ ಏಳುಸುತ್ತು. ಜನ ಬಂದದ್ದು ಮೂವತ್ತು. ಅರ್ಧ ಭಾವನ ಅಂಗಡಿಗೆ ಬರುವ ಗಾರೆಯವರು ಮತ್ತು ಮನೆ ಕಟ್ಟಿಸುತ್ತಿರುವವರು, ಇನ್ನರ್ಧ ಮೇಷ್ಟ್ರ ವಿದ್ಯಾರ್ಥಿಗಳು. ಬಂದವರಿಗೆ ಹಾಜರಿ ಕೊಡುತ್ತೇನೆಂದು ಹೇಳಿ ಮೇಷ್ಟ್ರೇ ಹೊಸದುರ್ಗದಿಂದ ಕರೆತಂದಿದ್ದರು. ಅಕ್ಕ ಹಿಂದಿನ ಸಾಲಿನಲ್ಲಿ ಕುಂತಿದ್ದಳು. ಮೂವತ್ತು ಜನಕ್ಕೂ ಅವಳೇ ಪಲಾವು ಮಾಡಿಸಿ ತಂದಿದ್ದಳು.

ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ. ಗೌರವಾಧ್ಯಕ್ಷರು ಅಧ್ಯಕ್ಷರಿಗೆ ಶಾಲು ಹೊದಿಸಿದರು. ಅಧ್ಯಕ್ಷರು ಗೌರವಾಧ್ಯಕ್ಷರಿಗೆ ಶಾಲು ಹೊದಿಸಿದರು. ಇಬ್ಬರೂ ಸೇರಿ ಉಪಾಧ್ಯಕ್ಷನಿಗೆ ಹೊದಿಸಿದರು. ಪಂದ್ಯ ಶುರುವಾಗುವಾಗ ಹನ್ನೆರಡೂವರೆ.

ಮೊದಲು ಮೆಡಿಕಲ್‌ನವನ ರೋಬೋ. ಇದಕ್ಕೆಂದೇ ಅವನು ಗನ್ನುಗಳನ್ನು ನೂರಕ್ಕೇರಿಸಿದ್ದ, ಎಲ್ಲವೂ ಮುಂದುಗಡೆ. ಅಖಾಡದಲ್ಲಿ ಪ್ರತ್ಯಕ್ಷವಾದ ಕೂಡಲೇ ಅದು ಮುಂದಕ್ಕೆ ಮುಗ್ಗರಿಸಿ ಮೂತಿ ಊರಿ ನಿಂತಿತು. ಮತ್ತೆ ಏಳಲಿಲ್ಲ. ಅವನು ಎದ್ದು ಕೈಮುಗಿದು ತನ್ನ ಜಾಗದಲ್ಲಿ ಕುಂತ. ಆ ದಿನ ಅತ್ಯಂತ ಘನತೆಯಿಂದ ನಡೆದುಕೊಂಡವನು ಅವನೇ.

ಆಮೇಲೆ ಏಳುಸುತ್ತಿಗೂ ಮೇಷ್ಟ್ರ ಗಾಳಿಯಂತ್ರಕ್ಕೂ. ಮೇಷ್ಟ್ರೂ ಹಿಗ್ಗಿಸಿದ್ದರು, ರೆಕ್ಕೆ ಈಗ ಆರು. ಎರಡೂ ಎಷ್ಟು ಭಾರವಾಗಿದ್ದವು ಎಂದರೆ ಅಖಾಡದ ನಡುವಿನ ಸಣ್ಣ ದಿಬ್ಬವನ್ನು ಇದು ಆ ಕಡೆಯಿಂದ ಹತ್ತಲಿಲ್ಲ, ಅದು ಈ ಕಡೆಯಿಂದ ಹತ್ತಲಿಲ್ಲ. ಅಷ್ಟು ಬ್ಲಾಕುಗಳನ್ನು ತೋರಿಸಲಾಗದೆ ಕಂಪ್ಯೂಟರು ಏದುಸಿರು ಬಿಡತೊಡಗಿತು. ಪರದೆ ನಿಲ್ಲುತ್ತಿತ್ತು, ಒಂದು ಚೂರು ಸರಿಯುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಭಾವ ಗುಂಡು ಹಾರಿಸಿದರೆ ಅದು ದಿಬ್ಬಕ್ಕೆ ಬಡಿಯುತ್ತಿತ್ತು. ಹೀಗೇ ಅರ್ಧ ಗಂಟೆ ಹೋಯಿತು. ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಒಬ್ಬ ಗಾರೆಯವನು ತುಂಬಾ ವಿನಯದಿಂದ ಕೇಳಿದ:

"ಸಾವ್ಕಾರ್ರೇ, ಇದು ಯಾವಾಗ ಶುರು ಆಗ್ತೈತ್ರಿ?"

ನಾನು ನಡಾವಳಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ. ವಿದ್ಯಾರ್ಥಿಗಳು ಒಬ್ಬೊಬ್ಬರೇ ಪಲಾವಿನ ಕಡೆ ಹೊರಟರು.

ಭಾವನಿಗೆ ಅದು ಗೊತ್ತಾಯಿತು. ಮೈಕು ತೆಗೆದುಕೊಂಡರು. "ಈಗ ನಮ್ ಕಾರ್ಯದರ್ಶಿ ಬರ್ತಾರೆ. ಅವ್ರದ್ದು ಲಿಮಿಟ್ ಒಳಗಿನ ರೋಬೋ. ಕಂಪ್ನಿಯೋರು ಹೇಳ್ದಂಗೆ ಕೇಳಿದ್ರೆ ಎಂಥಾ ಸೊಳ್ಳೆ ಆಗ್ತೈತೆ ಅಂತ ನೀವೇ ನೋಡ್ರಿ. ಬಾರವ್ವ."

ಊಟಕ್ಕೆ ಹೊರಟವರು ನಿಂತರು.

ಮೇಷ್ಟ್ರು ತಮ್ಮದನ್ನು ಅಖಾಡದಿಂದ ತೆಗೆದರು, ಪರದೆ ಸರಾಗವಾಯಿತು. ನನ್ನ ರೋಬೋ ತಗ್ಗು, ಮೂರು ಚಕ್ರ, ಒಂದೇ ಗನ್ನು. ಎರಡು ಸಾವಿರಕ್ಕೆ ಹದಿನಾರು ಪಾಯಿಂಟು ಕಮ್ಮಿ. ದಿಬ್ಬ ಹತ್ತಿ ಇಳಿದು ಏಳುಸುತ್ತಿನ ಹಿಂದಕ್ಕೆ ಹೋಗಲು ಹತ್ತು ಸೆಕೆಂಡು ಸಾಕಾಯಿತು. ಅದು ನನ್ನ ಕಡೆ ತಿರುಗುವಷ್ಟರಲ್ಲಿ ನಾನು ಇನ್ನೊಂದು ಕಡೆ ಇರುತ್ತಿದ್ದೆ. ಮೊದಲು ಹಿಂದಿನ ಚಕ್ರಗಳು, ಆಮೇಲೆ ಮುಂದಿನವು. ಕೋಟೆ ನೆಲಕ್ಕೆ ಕುಂತಿತು.

ಆಗಲೇ ಮುಗಿಸಬಹುದಿತ್ತು. ಕುರ್ಚಿ ಎಲ್ಲಿದೆ ಅಂತ ನನಗೆ ಗೊತ್ತು. ಹಿಂದುಗಡೆ ಎಲ್ಲ ಸುತ್ತುಗಳಲ್ಲೂ ಅವರು ಒಂದು ಬ್ಲಾಕಿನಷ್ಟು ಸಂದು ಬಿಟ್ಟಿದ್ದರು. ಕಾಲು ಕಟ್ಟಿಸಿಕೊಂಡು ಮಲಗಿದ್ದಾಗ ಅವರೇ ನನಗೆ ಅದನ್ನು ತೋರಿಸಿದ್ದರು, ಗುಟ್ಟಾಗಿ, ಯಾರಿಗೂ ಹೇಳಬೇಡ ಅಂತ. ಆ ಸಂದಿನೊಳಗೆ ಒಂದು ಗುಂಡು ಬಿಟ್ಟಿದ್ದರೆ ಎರಡು ನಿಮಿಷದ ಕೆಲಸ.

ನಾನು ಇಪ್ಪತ್ತು ನಿಮಿಷ ತೆಗೆದುಕೊಂಡೆ.

ಹೊರಗಿನ ಗೋಡೆಯಿಂದ ಶುರು ಮಾಡಿದೆ. ಸಾಲು ಸಾಲಾಗಿ, ಈರುಳ್ಳಿ ಸುಲಿದ ಹಾಗೆ. ಒಂದು ಗೋಡೆ ಪೂರ್ತಿ ಬಿದ್ದ ಮೇಲೆ ಮೈಕಿನ ಕಡೆ ಬಾಗಿ, "ಒಂದನೇ ಸುತ್ತು," ಅಂದೆ. ಜನ ನಕ್ಕರು. ಊಟಕ್ಕೆ ಹೋದವರು ತಟ್ಟೆ ಹಿಡಿದುಕೊಂಡೇ ಒಳಗೆ ಬಂದರು. "ಎರಡನೇ ಸುತ್ತು." ಚಪ್ಪಾಳೆ. ಮೂರನೇ ಸುತ್ತಿಗೆ ವಿದ್ಯಾರ್ಥಿಗಳು ನನ್ನ ಜೊತೆ ತಾವೂ ಎಣಿಸತೊಡಗಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದವನನ್ನು ತಿರುಗಿ ನೋಡಿದೆ. ನಾನು ಬರೆದುಕೊಟ್ಟ ನಕ್ಷೆಯಲ್ಲಿ ಬಿಟ್ಟಿದ್ದ ಜಾಗವನ್ನೆಲ್ಲ ನುಂಗಿ, ಪಕ್ಕದವರ ಕಿಟಕಿಗೆ ಒತ್ತಿಕೊಂಡು ಗೋಡೆ ಎಬ್ಬಿಸಿದವನು. ಅವನ ಚಪ್ಪಾಳೆಗೂ ನಾನು ಹಿಗ್ಗಿದೆ. ಈಗ ನೆನೆದರೆ ಮೈಯೆಲ್ಲ ಮುಳ್ಳಾಗುವುದು ಅದಕ್ಕೇ.

ಭಾವ ಮೊದಮೊದಲು ನಗುತ್ತಿದ್ದರು. "ಲೇ, ಬಿಡಲ್ಲ ಇವ್ಳು," ಅಂತ ಜನರ ಕಡೆ ನೋಡಿ ಹೇಳಿದರು. ನಾಲ್ಕನೇ ಸುತ್ತಿಗೆ ನಗು ನಿಂತಿತು. ಅವರ ಗನ್ನುಗಳು ಗೋಡೆಯ ಜೊತೆಗೇ ಹೋಗಿದ್ದವು. ಆದರೂ ಅವರ ಬೆರಳು ಗುಂಡು ಹಾರಿಸುವ ಗುಂಡಿಯನ್ನು ಒತ್ತುತ್ತಲೇ ಇತ್ತು. ಹೊದಿಸಿದ್ದ ಶಾಲು ಒಂದು ಹೆಗಲಿನಿಂದ ಜಾರಿತ್ತು, ಅವರು ಅದನ್ನು ಸರಿ ಮಾಡಿಕೊಳ್ಳಲಿಲ್ಲ.

ಐದನೇ ಸುತ್ತು ಬಿದ್ದಾಗ ಅಕ್ಕ ನನ್ನ ಹಿಂದೆ ಬಂದು ನಿಂತಿದ್ದಳು.

"ಸಾಕು ಬಿಡೇ," ಅಂದಳು, ಮೆಲ್ಲಗೆ.

"ಆಟ ಕಣಕ್ಕ."

"ನಿಂಗೆ ಆಟ."

ನಾನು ಬಿಡಲಿಲ್ಲ. ಆರನೇ ಸುತ್ತು ಅಂದೆ. ಏಳನೇ ಸುತ್ತು ಅಂದೆ. ನಡುವೆ ಬರಿಯ ಕುರ್ಚಿ ಉಳಿಯಿತು, ನೆಲದ ಮೇಲೆ, ಒಂದೇ. ಅದರ ಸುತ್ತ ಒಂದು ಸುತ್ತು ಹೊಡೆದು ಆಮೇಲೆ ಒಡೆದೆ. ಆ ಸುತ್ತಿನ ಅಗತ್ಯವೇನೂ ಇರಲಿಲ್ಲ.

ಮೇಷ್ಟ್ರು ತಕ್ಷಣ ಮೈಕು ಕಸಿದುಕೊಂಡು, ಅಧ್ಯಕ್ಷರನ್ನೇ ಕಾರ್ಯದರ್ಶಿ ಸೋಲಿಸಬಹುದಾದ ನಮ್ಮ ಸಂಘದ ಆಂತರಿಕ ಪ್ರಜಾಪ್ರಭುತ್ವಕ್ಕೆ ಇದು ಸಾಕ್ಷಿ ಅಂತ ಹೇಳಿದರು. ಒಂದು ಗಳಿಗೆಯ ಹಿಂದೆ ಅವರೂ ಎಣಿಸುತ್ತಿದ್ದರು, ನಾನು ನೋಡಿದ್ದೇನೆ. ಆಮೇಲೆ ವಂದನಾರ್ಪಣೆ. ಅದು ಕಾರ್ಯದರ್ಶಿಯ ಕೆಲಸ. ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ ಹಾಗೆಯೇ ಓದಿದೆ: ಈ ಕಾರ್ಯಕ್ರಮದ ರೂವಾರಿಗಳಾದ ಸನ್ಮಾನ್ಯ ಅಧ್ಯಕ್ಷರಿಗೆ ಸಂಘದ ಪರವಾಗಿ ಹೃತ್ಪೂರ್ವಕ ವಂದನೆಗಳು. ಭಾವ ಅಲ್ಲಿರಲಿಲ್ಲ. ಹೊರಗೆ ಕಾರಿನಲ್ಲಿ ಹೋಗಿ ಕುಂತಿದ್ದರು. ಅಕ್ಕ ಪಾತ್ರೆಗಳನ್ನು ತೊಳೆಯದೆಯೇ ಡಿಕ್ಕಿಗೆ ಹಾಕಿ, ನನಗೆ ಹೋಗಿಬರ್ತೀನಿ ಅನ್ನದೆ ಹೊರಟುಹೋದಳು. ಇಬ್ಬರೂ ಊಟ ಮಾಡಿರಲಿಲ್ಲ.

ಎರಡು ವಾರ ಫೋನಿಲ್ಲ. ನಾನೂ ಮಾಡಲಿಲ್ಲ. ನನ್ನ ತಪ್ಪೇನು ಅಂತ ನನಗೆ ನಾನೇ ವಾದ ಹೂಡಿಕೊಂಡೆ. ಸೊಳ್ಳೆ ಅಂತ ಕರೆದದ್ದು ಅವರು, ಜನರ ಮುಂದೆ ಕರೆದದ್ದೂ ಅವರು. ನಿಯಮ ಮೀರಿ ಕಟ್ಟಿದ್ದು ಬಿದ್ದರೆ ಬೀಳಿಸಿದವರ ತಪ್ಪೇ? ವಾದದಲ್ಲಿ ಪ್ರತಿಸಲವೂ ನಾನೇ ಗೆಲ್ಲುತ್ತಿದ್ದೆ. ಮೂರನೇ ವಾರ ಅಕ್ಕನೇ ಮಾಡಿದಳು. ಪಲಾವಿನ ಪಾತ್ರೆಗಳ ಜೊತೆ ಭವನದವರ ಒಂದು ಮುಚ್ಚಳ ಬಂದುಬಿಟ್ಟಿದೆ, ಬಸ್ಸಿನಲ್ಲಿ ಕೊಟ್ಟುಕಳಿಸುತ್ತೇನೆ, ತಲುಪಿಸು ಅಂದಳು. ಅಷ್ಟಕ್ಕೇ ಇಡುತ್ತಾಳೆ ಅಂದುಕೊಂಡೆ.

"ಅವ್ರು ದಡ್ಡರು ಅಂತ ನಂಗೊತ್ತಿಲ್ವೇನೆ?" ಅಂದಳು. "ಇಪ್ಪತ್ತಾರು ವರ್ಷದಿಂದ ಬೈತಿದೀನಿ. ದಿನಾ ಬೈತೀನಿ. ಅಡಿಗೆ ಮನೇಲಿ ಬೈತೀನಿ. ಮೂವತ್ತು ಜನದ ಮುಂದೆ ಎಣಿಸ್ಕೊಂಡು ಬೈಯಲ್ಲ."

ಇಷ್ಟು ದಿನ ಗೆದ್ದುಕೊಂಡು ಬಂದ ವಾದದಲ್ಲಿ ಈ ಮಾತಿಗೆ ಎಲ್ಲೂ ಜಾಗ ಮಾಡಿರಲಿಲ್ಲ. "ಮುಚ್ಚಳ ಯಾವ ಬಸ್ಸಿಗೆ ಕೊಡ್ತೀಯ?" ಅಂತ ಕೇಳಿದೆ.

ಹಾಗಂತ ಕರಗಿ ಹೋದೆ ಅಂತಲ್ಲ. ಭಾವ ಮಾಡಿದ್ದು ಮೂರ್ಖತನ ಅಂತ ಆಗಲೂ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಅವರನ್ನು ಬೈಯುವಾಗ ಈಗ ಮೊದಲಿನ ರುಚಿಯಿಲ್ಲ.

ಸಂಘ ಒಡೆಯಿತು. ಮೇಷ್ಟ್ರು ಹೊಸದುರ್ಗದಲ್ಲಿ ಹೊಸದೊಂದು ಕಟ್ಟಿದರು. ಈ ಸಲ ಮಿತಿಯ ಪರವಾಗಿ. ಮಿತಿಯೊಳಗೇ ನಿಜವಾದ ಸೃಜನಶೀಲತೆ ಇರುವುದು ಅಂತ ಅವರು ಗುಂಪಿನಲ್ಲಿ ಬರೆದ ಉದ್ದದ ಬರಹವನ್ನು ನಾನು ಅರ್ಧದವರೆಗೆ ಓದಿದೆ. ಹೊಳಲ್ಕೆರೆಯವನು ಅಲ್ಲಿಯೂ ಉಪಾಧ್ಯಕ್ಷ. ನನ್ನನ್ನೂ ಕರೆದರು, ಕಾರ್ಯದರ್ಶಿಯಾಗಿ. ಆ ಆಟದಲ್ಲಿ ನಿಮ್ಮ ಕೈಚಳಕವನ್ನು ಇಡೀ ಜಿಲ್ಲೆ ಕೊಂಡಾಡುತ್ತಿದೆ ಅಂದರು ಮೇಷ್ಟ್ರು. ಫೋನು ಇಟ್ಟ ಮೇಲೆ ಕೈ ತೊಳೆದುಕೊಂಡೆ. ನಿಜವಾಗಿಯೂ ತೊಳೆದುಕೊಂಡೆ, ಸೋಪು ಹಾಕಿ.

ಬೇಸಿಗೆ ಹಿಡಿಯಿತು. ಒಂದು ಶನಿವಾರ ಮಧ್ಯಾಹ್ನ ಭಾವನ ಫೋನು.

"ಏನವ್ವ, ಬಿಡುವೈತಾ? ಒಂದ್ಸಲ ಬಂದೋಗು."

ಬಸ್ಸು ಹತ್ತಿ ಹಿರಿಯೂರಿಗೆ ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕುಂತಿದ್ದರು. ಶೆಡ್ಡಿನಲ್ಲಿ ಹೊಸದೊಂದು ರೋಬೋ. ಮಿತಿಯೊಳಗೆ ಬರುವ ಹಾಗೆ ಕಟ್ಟಬೇಕೆಂದು ಹೊರಟಿದ್ದರು, ಆದರೆ ಆಗಲೇ ಎರಡು ಸಾವಿರದ ಒಂಬೈನೂರಕ್ಕೆ ಏರಿಸಿಕೊಂಡಿದ್ದರು.

"ಎಲ್ಲಿಂದ ಕೀಳ್ಲಿ? ನೀನೇ ಹೇಳು."

ಭವನದ ವಿಷಯ ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ತಪ್ಪಾಯ್ತು ಭಾವ ಅಂತ ಎರಡಕ್ಷರ ಹೇಳಬೇಕೆಂದು ಬಸ್ಸಿನಲ್ಲಿ ಬರುವಾಗ ಅಂದುಕೊಂಡಿದ್ದೆ. ಅದನ್ನು ಬಿಟ್ಟು, ಕುರ್ಚಿ ಎಳೆದುಕೊಂಡು ಕುಂತೆ.

"ಈ ಮೇಲಿನ ಸಾಲು ತೆಗೀರಿ."

"ಅದು ಅಂದಕ್ಕೆ ಹಾಕಿರೋದು ಕಣವ್ವ."

"ಅದಕ್ಕೇ ತೆಗೀರಿ ಅಂದಿದ್ದು."

ತೆಗೆದರು. ಮತ್ತೆ ಹಾಕಿದರು. ಒಂದೊಂದು ಬ್ಲಾಕಿಗೂ ವಾದ. ಈ ಗನ್ನು ಇರಲಿ, ಆ ಚಕ್ರ ಯಾಕೆ, ಈ ಮೂಲೆ ಹೋದರೆ ಮಾನ ಹೋಗುತ್ತದೆ. ಒಂದು ಹಂತದಲ್ಲಿ ನಾನು ಬೈದೆ, ಚೆನ್ನಾಗಿಯೇ ಬೈದೆ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ಕೇಳಿಸಿಕೊಂಡು, "ಆಯ್ತು ಬಿಡು, ಕೀಳು," ಅಂದು ಮೌಸನ್ನು ನನ್ನ ಕಡೆ ತಳ್ಳಿದರು. ಎರಡು ಗಂಟೆಯಾದ ಮೇಲೆ ಕೆಂಪಕ್ಷರ ಹೋಯಿತು.

ಆ ಆಟವನ್ನು ಫೋನಿನಲ್ಲೂ ಆಡಬಹುದು, ಇಬ್ಬರು ಒಂದೇ ಪಕ್ಷದಲ್ಲೂ ಆಡಬಹುದು. ನಾನು ನನ್ನ ರೋಬೋವನ್ನು ಫೋನಿನಲ್ಲಿ ತೆರೆದು ಅವರ ಪಕ್ಷ ಸೇರಿಕೊಂಡೆ. ಇಬ್ಬರೂ ಅಖಾಡಕ್ಕೆ ಇಳಿದೆವು. ಒಂದು ನಿಮಿಷದೊಳಗೆ ಅವರು ಸತ್ತರು. ಶತ್ರುವಿಗೆ ಬೆನ್ನು ಹಾಕಿಕೊಂಡು ತಮ್ಮ ರೋಬೋ ದಿಬ್ಬ ಹತ್ತುವ ಚಂದವನ್ನು ನೋಡುತ್ತಾ ನಿಂತಿದ್ದರು.

"ಕಂಪ್ನಿಯೋರ್ದು ಸರಿ ಇಲ್ಲ. ಹಿಂದ್ಗಡೆ ಏನೂ ಕಾಣ್ಸಲ್ಲ," ಅಂದರು.

ಹಿಂದುಗಡೆ ಕಾಣುವುದಿಲ್ಲ, ತಿರುಗಿ ನೋಡಬೇಕು, ಅದಕ್ಕೇ ಅದನ್ನು ಹಿಂದುಗಡೆ ಅನ್ನುವುದು. ಇದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಟೈಲ್ಸ್ ಮಾದರಿಯ ಪುಸ್ತಕ, ಆಚೆ ಯಾರೋ ಗಿರಾಕಿ ಕಾಯುತ್ತಿದ್ದರು. ನಮ್ಮಿಬ್ಬರನ್ನೂ ಒಂದು ಸಲ ನೋಡಿ ಗಿರಾಕಿಯ ಕಡೆ ಹೋದಳು.

"ಇನ್ನೊಂದ್ ಸಲ ಹೋಗಾಣ?" ಅಂದರು ಭಾವ.

"ಹೋಗಾಣ ನಡೀರಿ," ಅಂದೆ.

ಆ ಮಧ್ಯಾಹ್ನ ಆರು ಸಲ ಸೋತೆವು. ಆರೂ ಸಲ ತಪ್ಪು ಅವರದೇ.